ಇಸ್ತ್ರಿ ದೊಡ್ಡಮ್ಮ ಕಲಿಸಿದ ಜೋಗುಳ

ಯುದ್ಧ ಮುಗಿದ ಮೇಲೆ ಗಡಿ ದಾಟಿ ಬಂದ ನಮ್ಮ ದೊಡ್ಡಮ್ಮ ಸಿನಿಮಾ ಸ್ಟುಡಿಯೋದ ಉಡುಪಿನ ಕೋಣೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಎಲ್ಲರ ಬಾಯಲ್ಲೂ ಇಸ್ತ್ರಿ ದೊಡ್ಡಮ್ಮ. ಬರುವ ದಾರಿಯಲ್ಲಿ ಅವಳ ಹಾಲುಗೂಸು ಜ್ವರಕ್ಕೆ ತೀರಿಕೊಂಡಿತ್ತು. ಸೇತುವೆಯ ಪಕ್ಕ ಬರಿಗೈಯಲ್ಲಿ ಮಣ್ಣು ತೋಡಿ ಮಲಗಿಸಿ, ದಿನವೂ ಹಾಡುತ್ತಿದ್ದ ಜೋಗುಳವನ್ನೇ ಹಾಡಿ ಎದ್ದು ಬಂದಿದ್ದಳು.

ನಿರಾಶ್ರಿತರ ಮೇಲೆ ಸಿನಿಮಾ ತೆಗೆಯಲು ಹೊರಟ ನಿರ್ದೇಶಕರು ಅವಳನ್ನು ಕೂರಿಸಿಕೊಂಡು ಇದನ್ನೆಲ್ಲ ಕೇಳಿದರು, ಕಣ್ಣೊರೆಸಿಕೊಂಡರು, ಕಥೆಯೊಳಗೆ ಸೇರಿಸಿಕೊಂಡರು.

"ಸಾರ್, ಆ ತಾಯಿ ಪಾತ್ರ ನಾನೇ ಮಾಡ್ಲಾ?" ಎಂದಳು ದೊಡ್ಡಮ್ಮ.

"ನಿನ್ನ ಮುಖ ನೋಡಿದ್ರೆ ಜನಕ್ಕೆ ಅಳು ಬರಲ್ಲಮ್ಮ. ನಿಮ್ಮೋರೆಲ್ಲ ಹಿಂದುಗಡೆ ತಲೆ ಬಗ್ಗಿಸ್ಕೊಂಡು ನಿಂತ್ಕೊಳ್ಳಿ, ಸಾಕು."

ಪಾತ್ರ ಹಾಲುಬಣ್ಣದ ನಾಯಕಿಗೆ ಹೋಯಿತು. ನಮ್ಮವರಂತೆ ಕಾಣಲೆಂದು ಅವಳ ಮುಖಕ್ಕೆ ಕಪ್ಪು ಬಳಿದರು. ದೊಡ್ಡಮ್ಮ ಗರಿಗರಿಯಾಗಿ ಇಸ್ತ್ರಿ ಮಾಡಿಟ್ಟ ಹೊಸ ಬಟ್ಟೆಯನ್ನು ಹರಿದು, ಚಹಾದ ನೀರಿನಲ್ಲಿ ಅದ್ದಿ ಉಡಿಸಿದರು. ಮಗುವನ್ನು ಮಣ್ಣು ಮಾಡುವಾಗ ಹಾಡಲು ನಮ್ಮ ಕಡೆಯ ಜೋಗುಳ ಬೇಕಿತ್ತು. ಕಲಿಸಲು ದೊಡ್ಡಮ್ಮನನ್ನೇ ಕರೆದರು.

ದೊಡ್ಡಮ್ಮ ನಗುತ್ತಲೇ ಕಲಿಸಿದಳು. ರಾಗ ಕರುಳು ಹಿಂಡುವಂಥದ್ದು. ಮಾತು ಮಾತ್ರ ನಮ್ಮ ಭಾಷೆಯಲ್ಲಿ ಅವಳೇ ಕಟ್ಟಿದ್ದು:

"ಕಳ್ಳಬೆಕ್ಕು ಒಳಗೆ ಬಂತು, ಹಾಲನೆಲ್ಲ ಕುಡಿಯಿತು, ಮೂತಿಗೆ ಮಸಿ ಬಳಿದುಕೊಂಡು ತಾಯಿ ನಾನೇ ಎಂದಿತು."

ನಮ್ಮ ಭಾಷೆ ತಿಳಿಯದ ನಾಯಕಿ ಕಣ್ತುಂಬಿಕೊಂಡು ಕಲಿತಳು.

ಸಿನಿಮಾ ಗೆದ್ದಿತು. ನಮ್ಮ ಬೀದಿಯ ಟಾಕೀಸಿನಲ್ಲಿ ಮಗುವನ್ನು ಹೂಳುವಾಗ ಬಾಲ್ಕನಿಯವರು ಬಿಕ್ಕುತ್ತಿದ್ದರೆ, ಕೆಳಗೆ ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೇಟಿನವನು ಬಂದು ಗದರಿಸಿದ. ದೊಡ್ಡಮ್ಮ ಕೈಕಟ್ಟಿ ಕೂತು ಆ ನಗುವನ್ನು ಕೇಳಿದಳು. ಅವರು ನಗುತ್ತಿದ್ದುದು ಬೆಕ್ಕಿಗೆ, ತನ್ನ ಮಗನಿಗಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಟಾಕೀಸಿನಿಂದ ಸಿನಿಮಾ ಎತ್ತುವವರೆಗೆ ದಿನಾ ಹೋದಳು.

ನಾಯಕಿಗೆ ಆ ಹಾಡೇ ಹೆಸರು ತಂದಿತು. ವೇದಿಕೆ ಹತ್ತಿದಲ್ಲೆಲ್ಲ ಹಾಡಿದಳು. ಕೂದಲು ನರೆತ ಮೇಲೆ ಒಂದು ದಿನ ನಮ್ಮ ಮನೆ ಹುಡುಕಿಕೊಂಡು ಬಂದಳು. ಕುರ್ಚಿ ಹಾಕಿದ್ದು ನಾನೇ.

"ಅರ್ಥ ಮೊನ್ನೆ ಗೊತ್ತಾಯ್ತು," ಎಂದಳು. "ಆಗಲೇ ಹೇಳಬಹುದಿತ್ತಲ್ಲ?"

"ನೀವು ಕೇಳಬಹುದಿತ್ತು," ಎಂದಳು ದೊಡ್ಡಮ್ಮ.

ನಾಯಕಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ನಿಜವಾದ ಹಾಡು ಹೇಳ್ಕೊಡಿ. ಇನ್ನು ಮುಂದೆ ಅದನ್ನೇ ಹಾಡ್ತೀನಿ."

"ಅದು ನನ್ನ ಮಗಂದು," ಎಂದು ದೊಡ್ಡಮ್ಮ ಬಾಗಿಲ ಕಡೆ ನೋಡಿದಳು.

ನಾಯಕಿ ಹೋದ ಮೇಲೆ ನಾನು ಕೇಳಿದೆ: "ಪಾಪ ಅನ್ನಿಸ್ಲಿಲ್ವಾ ದೊಡ್ಡಮ್ಮ?"

"ಅವಳಿಗೆ ಪಾಪ ಅನ್ನೋಕೆ ಊರೆಲ್ಲ ಇದೆ. ಕುರ್ಚಿ ಒಳಗಿಡು."

ಆಮೇಲೆ ನಾಯಕಿ ಯಾವ ವೇದಿಕೆಯಲ್ಲೂ ಬಾಯಿ ಬಿಡಲಿಲ್ಲವಂತೆ. ಆ ಸುದ್ದಿ ಬಂದ ದಿನ ದೊಡ್ಡಮ್ಮ ಎರಡು ತುತ್ತು ಹೆಚ್ಚಿಗೆ ಉಂಡಳು.