ನಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ

ಪುಣೆಯ ವಿಮಾನ ನಗರದಿಂದ ಹಿಡಿದ ರಿಕ್ಷಾ ಯೆರವಡಾದ ನಮ್ಮ ಚೌಕದ ಸಿಗ್ನಲ್ಲಿನಲ್ಲಿ ನಿಂತಾಗ ತಲೆಯೆತ್ತಿ ನೋಡಿದೆ. ದೀಪದ ಕಂಬಕ್ಕೂ ಬೇವಿನ ಮರಕ್ಕೂ ಬಿಗಿದು ಕಟ್ಟಿದ್ದ ದೊಡ್ಡ ಫ್ಲೆಕ್ಸಿನಲ್ಲಿ ನಾನು ನಿಂತಿದ್ದೆ. ಬಿಳಿ ಕೋಟು, ಕೊರಳಲ್ಲಿ ಸ್ಟೆತೊಸ್ಕೋಪ್, ಬೆನ್ನ ಹಿಂದೆ ಬಾಯಿ ತೆರೆದ ಸಿಂಹ. ಕೋಟು ಬೇರೆ ಯಾರದೋ ಮೈಮೇಲಿನದು. ಕುತ್ತಿಗೆಯ ಮೇಲಿನದಷ್ಟೇ ನನ್ನದು, ಅದನ್ನೂ ಅಕ್ಕನ ಮದುವೆಯ ಫೋಟೊದಿಂದ ಕತ್ತರಿಸಿ ತಂದಿದ್ದರು, ಕಿವಿಯಲ್ಲಿ ಝುಮಕಿ ಹಾಗೇ ಜೋತಾಡುತ್ತಿತ್ತು. ಮೇಲೆ ಮರಾಠಿಯಲ್ಲಿ ‘ಹಾರ್ದಿಕ ಅಭಿನಂದನ’. ಕೆಳಗೆ, ಆಫ್ರಿಕಾದ ಬಡವರ ಸೇವೆ ಮಾಡಿ ಮರಳಿದ ನಮ್ಮ ಮಗಳು ಎಂದು ಬರೆದು, ಡಾಕ್ಟರ್ ಎಂದು ಸೇರಿಸಿ ನನ್ನ ಹೆಸರು.

ರಿಕ್ಷಾದವರು ಕನ್ನಡಿಯಲ್ಲಿ ನನ್ನನ್ನೊಮ್ಮೆ, ಫ್ಲೆಕ್ಸನ್ನೊಮ್ಮೆ ನೋಡಿದರು. ನಾನು ದುಪಟ್ಟಾವನ್ನು ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಸುತ್ತಿಕೊಂಡೆ.

ನಾನು ಡಾಕ್ಟರಲ್ಲ. ಫಿಸಿಯೊಥೆರಪಿಯ ಮೂರನೇ ವರ್ಷದ ವಿದ್ಯಾರ್ಥಿನಿ. ಮನೆಗೆ ಬಂದವಳು ಚೀಲ ಇಳಿಸುವ ಮೊದಲೇ ಅಪ್ಪನನ್ನು ಹಿಡಿದುಕೊಂಡೆ.

“ಅಪ್ಪಾ, ಏನದು ಚೌಕದಾಗ?”

“ನೋಡಿದ್ಯಾ? ಫೋಟೊ ಭಾಳ ಚಲೋ ಬಂದದಲ್ಲ?”

“ನಾ ಡಾಕ್ಟರ್ ಅಲ್ಲಪ್ಪಾ!”

“ಇವತ್ತಲ್ಲ ನಾಳೆ ಆಗಾಕೀನs ಇದ್ದಿ. ಸ್ವಲ್ಪ ಮೊದಲ ಹಾಕ್ಯಾರ, ಅಷ್ಟs.”

“ಮತ್ತ ಆ ಸಿಂಹ?”

“ಅದು ನಂದಲ್ಲವಾ. ಮಂಡಳದವರ ಐಡಿಯಾ.”

ವಿಜಯಪುರದ ಕಡೆಯಿಂದ ಪುಣೆಗೆ ಬಂದು, ಧಾನ್ಯದ ಸಗಟು ಅಂಗಡಿಯೊಂದರಲ್ಲಿ ಗುಮಾಸ್ತರಾಗಿಯೇ ತಲೆ ಹಣ್ಣಾದವರು ನನ್ನ ಅಪ್ಪ. ಅಂಗಡಿಯ ಖಾತೆಯಲ್ಲಿ ಒಂದು ಸೊನ್ನೆ ಹೆಚ್ಚಾದರೆ ಅವರಿಗೆ ಊಟ ಸೇರುವುದಿಲ್ಲ. ಮಕ್ಕಳ ವಿಷಯಕ್ಕೆ ಬಂದರೆ ಎಷ್ಟು ಸೊನ್ನೆ ಬೇಕಾದರೂ ಸೇರಿಸುತ್ತಾರೆ. ಸಂಜೆ ಗಣಪತಿ ಮಂಡಳದ ಅಧ್ಯಕ್ಷರು ಪೇಢೆ ಹಿಡಿದುಕೊಂಡು ಬಂದಾಗ ಅವರ ಮುಂದೆಯೂ ಗೊಣಗಿದೆ. ಅವರು ನಕ್ಕು, ಸಿಂಹ ಇರದಿದ್ದರೆ ಅದು ಆಫ್ರಿಕಾ ಅಂತ ಜನಕ್ಕೆ ಹೇಗೆ ಗೊತ್ತಾಗಬೇಕು ಎಂದು ಮರಾಠಿಯಲ್ಲಿ ನನ್ನನ್ನೇ ಕೇಳಿದರು. ಅವ್ವ ಅವರಿಗೆ ಚಹಾ ಕೊಟ್ಟಳು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಿಜವಾಗಿ ನಡೆದದ್ದು ಬೇರೆ. ನಮ್ಮ ಕಾಲೇಜಿನಿಂದ ಒಂದೂವರೆ ತಿಂಗಳ ಕಲಿಕೆಗೆಂದು ಇಬ್ಬರನ್ನು ಜಾಂಬಿಯಾಕ್ಕೆ ಕಳಿಸಿದ್ದರು. ಜೊತೆಗಾತಿಯನ್ನು ರಾಜಧಾನಿಯ ದೊಡ್ಡ ಆಸ್ಪತ್ರೆಗೆ ಹಾಕಿದರು. ಅವಳು ದಿನಾ ತೀವ್ರ ನಿಗಾ ಘಟಕದ ಯಂತ್ರಗಳ ಮುಂದೆ ನಿಂತ ಫೋಟೊ ಕಳಿಸುತ್ತಿದ್ದಳು. ನನ್ನ ಪಾಲಿಗೆ ಬಂದದ್ದು ಬಸ್ಸಿನಲ್ಲಿ ಇಡೀ ದಿನದ ಹಾದಿಯ ಚಿಕ್ಕ ಊರು, ಅಲ್ಲಿನ ಆಸ್ಪತ್ರೆಯ ಹಿಂಬದಿಯ ಒಂದು ಪ್ಲಾಸ್ಟರ್ ಕೋಣೆ. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡ ಕೂಸುಗಳು ಅಲ್ಲಿಗೆ ಬರುತ್ತಿದ್ದವು. ಆ ಪಾದವನ್ನು ಕೈಯಿಂದ ಮೆಲ್ಲಗೆ ತಿದ್ದಿ, ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕಿ ಕಳಿಸುತ್ತಾರೆ. ಮುಂದಿನ ವಾರ ಅದನ್ನು ನೆನೆಸಿ ಬಿಚ್ಚಿ, ಇನ್ನೂ ತುಸು ತಿದ್ದಿ, ಹೊಸದು ಹಾಕುತ್ತಾರೆ. ಹೀಗೆ ವಾರ ವಾರ. ನನ್ನ ಕೆಲಸ ಎರಡೇ. ಬೋಗುಣಿಯಲ್ಲಿ ಹಳೆಯ ಪ್ಲಾಸ್ಟರ್ ನೆನೆಸಿ ಬಿಚ್ಚುವುದು, ಹೊಸದು ಗಟ್ಟಿಯಾಗುವ ತನಕ ಕೂಸಿನ ಮೊಣಕಾಲನ್ನು ಅಲುಗದಂತೆ ಹಿಡಿಯುವುದು.

ಹಿಡಿಯುವುದು ಎಂದರೆ ಏನು ಮಹಾ ಎಂದುಕೊಂಡಿದ್ದೆ. ಸೊಂಟ ಹಿಡಿದುಕೊಂಡಿತು. ಉಗುರಿನೊಳಗೆ ಸೇರಿದ ಸುಣ್ಣದಂಥ ಪುಡಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಕೂಸುಗಳೆಲ್ಲ ಸರಿಯಾಗಿ ನನ್ನ ಮೇಲೆಯೇ ಉಚ್ಚೆ ಹೊಯ್ಯುತ್ತಿದ್ದವು. ತಾಯಂದಿರು ಅವನ್ನು ಬಣ್ಣದ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ನಸುಕಿನಲ್ಲೇ ಬಂದು ಮಾವಿನ ಮರದ ಕೆಳಗೆ ಕೂತಿರುತ್ತಿದ್ದರು. ನಾನು ಕಲಿತಿದ್ದ ನಾಲ್ಕು ಮಾತನ್ನು ಅವರ ಭಾಷೆಯಲ್ಲಿ ಆಡಿದರೆ ಒಬ್ಬರನ್ನೊಬ್ಬರು ತಟ್ಟಿ ನಗುತ್ತಿದ್ದರು.

ಕೋಣೆಯ ಮುಖ್ಯಸ್ಥೆ ನಡುವಯಸ್ಸಿನ ಹೆಂಗಸು, ದೊಡ್ಡ ದನಿ. ನನ್ನನ್ನು ಬೇರೆ ವಾರ್ಡಿಗೆ ಕಳಿಸಿ ಎಂದು ಎಷ್ಟು ಸಲ ಕೇಳಿದೆನೋ. ಪ್ರತಿ ಸಲವೂ ಅವರು, “ಕಳಿಸೋಣ. ಈಗ ಮೊಣಕಾಲು ಹಿಡಿ,” ಎನ್ನುತ್ತಿದ್ದರು. ಒಮ್ಮೆ ಅವರೇ ಪಾದ ತಿದ್ದುವುದನ್ನು ನನಗೆ ಬಿಟ್ಟರು. ಬೇಗ ಮುಗಿಯಲಿ ಎಂದು ನಾನು ಜೋರಾಗಿ ಒತ್ತಿರಬೇಕು, ಕೂಸು ಕಿಟಾರನೆ ಕಿರುಚಿತು. ಅವರು ನನ್ನ ಕೈ ಸರಿಸಿದರು. “ನಿನಗೆ ಎಲ್ಲಿಗೋ ಹೋಗುವ ಅವಸರವಿದೆ. ಈ ಕಾಲಿಗೆ ಇಲ್ಲ,” ಎಂದರು. ನಾಲ್ಕು ದಿನ ಮತ್ತೆ ಬರೀ ಬೋಗುಣಿ.

ಅವರಿಗೇನೂ ತಾಳ್ಮೆ ಉಕ್ಕಿ ಹರಿಯುತ್ತಿರಲಿಲ್ಲ. ಒಬ್ಬ ತಾಯಿ ಮೂರು ವಾರ ತಪ್ಪಿಸಿ, ಒಡೆದ ಪ್ಲಾಸ್ಟರಿನ ಕೂಸನ್ನು ಹೊತ್ತು ಬಂದಳು. ಪಾದ ಮತ್ತೆ ಮೊದಲಿನಂತೆಯೇ ತಿರುಗಿತ್ತು. ಮುಖ್ಯಸ್ಥೆ ಅವಳನ್ನು ಇಡೀ ಅಂಗಳಕ್ಕೆ ಕೇಳುವಂತೆ ಬೈದರು, ಕತ್ತರಿಯನ್ನು ಮೇಜಿನ ಮೇಲೆ ಎಸೆದರು, ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಆಮೇಲೆ ಬಂದು, “ನೀರು ತಾ,” ಎಂದರು ನನಗೆ. ಮೊದಲಿನಿಂದ ಶುರು ಮಾಡಿದೆವು.

ಇದನ್ನೆಲ್ಲ ನಾನು ಫೋನಿನಲ್ಲಿ ಅಪ್ಪನಿಗೆ ಗೋಳಿನಂತೆ ಹೇಳುತ್ತಿದ್ದೆ. ಅಪ್ಪ ಅದನ್ನು ಅಂಗಡಿಯಲ್ಲಿ, “ನಮ್ಮ ಹುಡುಗಿ ಅಲ್ಲಿ ಎಲುಬಿನ ಕೆಲಸ ಮಾಡ್ಲಿಕತ್ತಾಳ,” ಎಂದು ಹೇಳುತ್ತಿದ್ದರಂತೆ. ಅಂಗಡಿಯಿಂದ ಚೌಕಕ್ಕೆ ಬರುವಷ್ಟರಲ್ಲಿ ಅದು ಆಪರೇಷನ್ ಆಗಿತ್ತು.

ಫ್ಲೆಕ್ಸ್ ಕಟ್ಟಿದ ಮೇಲೆ ಮನೆಗೆ ಜನ ಬರತೊಡಗಿದರು. ಮಂಡಿನೋವಿನ ಕಾಕಾ, ಸಕ್ಕರೆಯ ರಿಪೋರ್ಟ್ ಹಿಡಿದ ಮಾವಶಿ, ಕೂದಲು ಉದುರುತ್ತದೆಂದು ಪಕ್ಕದ ಕಟ್ಟಡದ ಸೊಸೆ. ಒಬ್ಬರು ಮಗನಿಗೆ ಆಫ್ರಿಕಾದ ವೀಸಾ ಮಾಡಿಸಿಕೊಡಲು ಕೇಳಿದರು. ನಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಗಂಟಲು ಬಿದ್ದುಹೋಯಿತು. ಹಾಗೆ ಹೇಳಿದಷ್ಟೂ, “ಎಷ್ಟು ಸಂಭಾವಿತ ಹುಡುಗಿ ನೋಡ್ರಿ, ಸೊಕ್ಕು ಅನ್ನೂದು ಇಲ್ಲ,” ಎನ್ನುತ್ತಿದ್ದರು. ಕೊನೆಗೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಬಂದು ನನ್ನನ್ನೂ ಸಿಂಹವನ್ನೂ ಮುಚ್ಚಿತು. ಇನ್ನು ಪಾರಾದೆ ಎಂದುಕೊಂಡೆ.

ಅದೇ ವಾರ ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ನನಗಿಂತ ಚಿಕ್ಕವಳಿರಬೇಕು. ಸೀರೆಯ ಮೇಲೆ ಗಂಡನ ಅಂಗಿ, ಅದರ ಮೇಲೆಲ್ಲ ಸಿಮೆಂಟಿನ ಕಲೆ, ಹೆಗಲ ಮೇಲೆ ಮಲಗಿದ ಕೂಸು. ಯಾದಗಿರಿ ಕಡೆಯವಳು, ವಿಮಾನ ನಗರದಲ್ಲಿ ಏಳುತ್ತಿದ್ದ ಕಟ್ಟಡವೊಂದರಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕಿದ್ದರು.

“ಅಕ್ಕಾರ, ಪರದೇಶದ ಕನ್ನಡ ಡಾಕ್ಟರ್ ನೀವೇನ್ರಿ?”

“ನಾ ಡಾಕ್ಟರ್ ಅಲ್ಲವಾ. ಇನ್ನೂ ಕಲೀಲಿಕತ್ತೀನಿ.”

“ಇರ್ಲಿ ಬಿಡ್ರಿ. ಈ ಕೂಸಿನ ಕಾಲೊಂದು ನೋಡ್ರಿ.”

ಅವಳು ಬಟ್ಟೆ ಸರಿಸಿದಳು. ಎಡಗಾಲಿನ ಪಾದ ಒಳಕ್ಕೆ, ಮೇಲಕ್ಕೆ ತಿರುಗಿತ್ತು. ಜಾಂಬಿಯಾದಲ್ಲಿ ಅಷ್ಟು ದಿನ ಶಪಿಸುತ್ತ ಹಿಡಿದಿದ್ದೆನಲ್ಲ, ಅಂಥದೇ ಕಾಲು.

“ಗ್ರಹಣದಾಗ ನಾ ಹೊರಗ ಬಂದಿದ್ದಕ್ಕ ಹಿಂಗ ಆಗ್ಯಾದಂತ ನಮ್ಮತ್ತಿ ಅಂತಾಳ್ರಿ,” ಎಂದಳು.

“ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧಿಲ್ಲ. ಇದು ಸರಿ ಆಗ್ತದ.”

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಅವಳು ಅಲ್ಲೇ ಹೊಸ್ತಿಲ ಹತ್ತಿರ ಕೂತುಬಿಟ್ಟಳು. ಅವ್ವ ಒಳಗಿನಿಂದ ರೊಟ್ಟಿ, ಪಲ್ಯ ತಂದಿಟ್ಟಳು.

ಸರಕಾರಿ ಆಸ್ಪತ್ರೆಯೊಂದರಲ್ಲಿ ಸೋಮವಾರ ಸೋಮವಾರ ಇಂಥ ಕೂಸುಗಳನ್ನು ನೋಡುತ್ತಾರೆಂದು ಕಾಲೇಜಿನಲ್ಲಿ ಕೇಳಿ ತಿಳಿದುಕೊಂಡೆ. ಅವಳಿಗೆ ಮರಾಠಿ ಬಾರದು, ಅಲ್ಲಿಯವರಿಗೆ ಕನ್ನಡ ಬಾರದು, ಹಾಗಾಗಿ ನಾನೂ ಹೋದೆ. ಯಾವ ಕಿಟಕಿಗೆ ಹೋದರೂ ಇನ್ನೊಂದು ಕಿಟಕಿ ತೋರಿಸುತ್ತಿದ್ದರು. ಊಟದ ಹೊತ್ತು ಮೀರಿದ ಮೇಲೆ ಪ್ಲಾಸ್ಟರ್ ಹಾಕುವ ಕೋಣೆಗೆ ಕರೆದರು. ಡಾಕ್ಟರ್ ಹತ್ತಿರ ಹಿಡಿಯುವವರು ಯಾರೂ ಇರಲಿಲ್ಲ. “ಹಿಡಿಯಲು ಬರುತ್ತದೆಯೇ?” ಎಂದು ಮರಾಠಿಯಲ್ಲಿ ಕೇಳಿದರು. ಬರುತ್ತದೆ ಎಂದೆ. ಕೂಸು ಕೊನೆಯವರೆಗೂ ಅಳಲಿಲ್ಲ. ನನಗೆ ಒಳಗೊಳಗೇ ಹಿಗ್ಗಾಯಿತು.

ಎರಡನೆಯ ಸೋಮವಾರ ಬಂದಳು, ಮೂರನೆಯದಕ್ಕೂ ಬಂದಳು. ನಾಲ್ಕನೆಯ ಸೋಮವಾರ ನಾನು ಕ್ಲಾಸು ಬಿಟ್ಟು ಆಸ್ಪತ್ರೆಯ ಬಾಗಿಲಲ್ಲಿ ಕಾದದ್ದೇ ಬಂತು. ಗಂಡನ ಫೋನು ಬಂದ್ ಇತ್ತು. ಕಟ್ಟಡದ ಕಾವಲುಗಾರರನ್ನು ಕೇಳಿದರೆ, ಆ ಗುಂಪನ್ನೇ ಪುಣೆಯಾಚೆಯ ಶಿರೂರಿನಲ್ಲಿ ಗೋದಾಮು ಕಟ್ಟುವ ಕೆಲಸಕ್ಕೆ ಒಯ್ದಿದ್ದಾರೆ ಎಂದರು. ಒಂದು ಮಾತು ಹೇಳಿ ಹೋಗಬಾರದೇ? ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಅಪ್ಪ ನೋಡಿ ನೋಡಿ, “ರವಿವಾರ ಸ್ಕೂಟರ್ ಮ್ಯಾಲೆ ಹೋಗಿ ಬರೂಣ. ಪಾತ್ರೆ ಒಡೀಬ್ಯಾಡ,” ಎಂದರು.

ಹೆದ್ದಾರಿಯ ಲಾರಿಗಳ ಧೂಳು ತಿನ್ನುತ್ತ ಶಿರೂರು ಮುಟ್ಟಿದೆವು. ಊರಾಚೆ ತಗಡಿನ ಶೆಡ್ಡುಗಳ ಸಾಲು. ಅವಳು ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಪಕ್ಕದ ಗೋಣಿಯ ಮೇಲೆ ಕೂಸು ಬರಿಗಾಲಲ್ಲಿ ಮಲಗಿತ್ತು. ಪ್ಲಾಸ್ಟರ್ ಇಲ್ಲ. ಪಾದ ಮತ್ತೆ ಒಳಕ್ಕೆ ಎಳೆದುಕೊಳ್ಳತೊಡಗಿತ್ತು.

“ಯಾಕ ಬಿಚ್ಚಿದಿ? ಹೇಳಿರ್ಲಿಲ್ಲೇನು ನಿನಗ? ಎಷ್ಟು ಸಲ ಹೇಳಿದ್ದೆ!” ಸುತ್ತಲಿನ ಶೆಡ್ಡಿನವರೆಲ್ಲ ಹೊರಗೆ ಬಂದರು.

ಅವಳು ಒಗೆಯುವುದನ್ನು ನಿಲ್ಲಿಸಿ ಎದ್ದು ನಿಂತಳು. “ಶೆಡ್ಡಿನಾಗ ನೀರ್ ಬಂದು ತೊಯ್ದು ನಾರ್ಲಿಕತ್ತಿತ್ರಿ. ಕೂಸು ರಾತ್ರಿಯೆಲ್ಲ ಅಳ್ತಿತ್ತು. ನೀವು ಸೋಮವಾರ ಬಾ, ಸೋಮವಾರ ಬಾ ಅಂತೀರಿ. ನಾ ಬಂದ್ರ ನನ್ನ ಹಾಜರಿ ಯಾರ್ ಹಾಕ್ತಾರ್ರಿ? ಮುಕಾದಮ ಕೆಲಸದಿಂದ ತೆಗೀತೀನಿ ಅಂತಾನ. ನೀವು ಬಂದು ಇಟ್ಟಂಗಿ ಹೊರತೀರೇನು?”

ಅಪ್ಪನ ಕಡೆ ನೋಡಿದೆ. ಅವರು ಅಲ್ಲಿರಲಿಲ್ಲ. ಆಳುಗಳನ್ನು ಊರಿಂದ ಕರೆತಂದು ಕೆಲಸಕ್ಕೆ ಹಚ್ಚುವ ಆ ಮುಕಾದಮನನ್ನು ಹುಡುಕಿ, ನೀರಿನ ಟ್ಯಾಂಕಿನ ನೆರಳಲ್ಲಿ ಅವನ ಜೊತೆ ನಿಂತಿದ್ದರು. ಹತ್ತಿರ ಹೋಗುತ್ತಿದ್ದಂತೆ ಅಪ್ಪನ ದನಿ ಕೇಳಿಸಿತು.

“ನೀವು ಅಫಜಲಪುರ ಕಡೆಯವರು, ನಮ್ಮವರs ಆದ್ರಿ, ಅದಕ್ಕs ಹೇಳ್ತೀನಿ. ಈ ಕೂಸಿನ ಕೇಸು ಭಾಳ ಮ್ಯಾಲೆ ತನಕ ಹೋಗೇದ. ಪರದೇಶದಿಂದ ಡಾಕ್ಟರ್ ಬಂದಾರಂದ್ರ ತಿಳಕೋರಿ. ಸೋಮವಾರ ಈಕಿ ಬರ್ಲಿಲ್ಲಂದ್ರ ಅವರs ಮತ್ತ ಇಲ್ಲಿಗೆ ಬರ್ತಾರ. ಬಂದ್ರ ಬರೀ ಕೂಸಿನ ಕಾಲ್ ನೋಡಿ ಹೋಗ್ತಾರೇನ್ರಿ? ಶೆಡ್ ನೋಡ್ತಾರ, ನೀರ್ ನೋಡ್ತಾರ.”

ಮುಕಾದಮ ನನ್ನ ಕಡೆ ತಿರುಗಿ, ಬೀಡಿ ಕೆಳಗೆ ಹಾಕಿ, ಕೈಮುಗಿದ. “ಹಂಗೇನಿಲ್ರಿ ಮೇಡಂ. ಇಬ್ಬರನ್ನೂ ಇವತ್ತs ವಿಮಾನ ನಗರದ ಕೆಲಸಕ್ಕ ವಾಪಸ್ ಕಳಸ್ತೀನ್ರಿ. ಸೋಮವಾರ ಸೋಮವಾರ ಅರ್ಧ ದಿನದ ರಜಾ ನನ್ನ ಕಡಿಂದ.”

ನಾನು ಡಾಕ್ಟರಲ್ಲ ಎನ್ನಲು ಬಾಯಿ ತೆರೆದೆ. ಅಪ್ಪ ನನ್ನ ಕಾಲು ತುಳಿದರು.

ತಿರುಗಿ ಬರುವಾಗ ಚಹಾ ಅಂಗಡಿಯೊಂದರ ಮುಂದೆ ನಿಂತೆವು. “ಎಷ್ಟು ಸುಳ್ಳು ಹೇಳ್ತೀಯಪ್ಪಾ,” ಎಂದೆ.

“ಯಾವುದು ಸುಳ್ಳು? ಪರದೇಶದಿಂದ ಬಂದಿಲ್ಲೇನು ನೀ?”

ಅಪ್ಪ ಬಿಸ್ಕೀಟು ಮುರಿದು ಅರ್ಧ ನನಗೆ ಕೊಟ್ಟರು. ಒಂದೂವರೆ ತಿಂಗಳು ಸೊಂಟ ಮುರಿದುಕೊಂಡು ಕಲಿತದ್ದರಿಂದ ಆಗದ ಕೆಲಸ ಈ ಮನುಷ್ಯನ ಬೊಗಳೆಯಿಂದ ಆಯಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಅವಳ ಇಟ್ಟಂಗಿಯ ಮಾತು ಬೇರೆ ಕಿವಿಯಲ್ಲಿತ್ತು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರ್ ಕಾಲು ನೋಡಿ, ಹಿಂದೆ ಸರಿದಿದೆ, ಆದರೆ ಪೂರ್ತಿ ಅಲ್ಲ ಎಂದರು. ಮತ್ತೆ ಪ್ಲಾಸ್ಟರ್ ಶುರುವಾಯಿತು. ಕೊನೆಗೆ ಹಿಮ್ಮಡಿಯ ಸ್ನಾಯುರಜ್ಜುವನ್ನು ಒಂದಿಷ್ಟು ಕೊಯ್ದು ಸಡಿಲಿಸಿದರು. ಕಡೆಯ ಪ್ಲಾಸ್ಟರ್ ಬಿಚ್ಚಿದ ದಿನ ಪಾದ ಸಮವಾಗಿ ಮೇಜಿನ ಮೇಲೆ ಕೂತಿತು. ತಾಯಿ ಅದನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಕೂಸನ್ನು ನನ್ನ ತೊಡೆಗೆ ಹಾಕಿ, ಹೊರಗೆ ಹೋಗಿ ಗಂಡನಿಗೆ ಫೋನ್ ಮಾಡಿ ಅತ್ತಳು.

ಅಲ್ಲಿಗೆ ಮುಗಿಯಿತೇ? ಇಲ್ಲ. ಲೋಹದ ಪಟ್ಟಿಯ ಎರಡು ತುದಿಗೆ ಜೋಡಿಸಿದ ಬೂಟುಗಳನ್ನು ಕೂಸಿಗೆ ಹಾಕಬೇಕು, ಮೊದಮೊದಲು ಹಗಲೂ ರಾತ್ರಿಯೂ, ಆಮೇಲೆ ಮಲಗುವಾಗ, ಅದೂ ವರ್ಷಗಟ್ಟಲೆ. ಬಿಟ್ಟರೆ ಕಾಲು ಮತ್ತೆ ತಿರುಗುತ್ತದೆ. ಊರಿಂದ ಈಗ ಅವಳ ಅತ್ತೆ ಬಂದಿದ್ದಾಳೆ. ಮೊಮ್ಮಗ ಅತ್ತರೆ ಸಾಕು, ಬೂಟು ಬಿಚ್ಚಿಡುತ್ತಾಳೆ. ನಾನು ಸಂಜೆಗೊಮ್ಮೆ ಫೋನ್ ಮಾಡುತ್ತೇನೆ.

“ಬೂಟ್ ಹಾಕಿದ್ಯಾ?”

“ಹಾಕೀನ್ರಿ ಅಕ್ಕಾರ.”

“ವಿಡಿಯೊ ಹಚ್ಚು. ತೋರಿಸು.”

ಆ ಕಡೆ ಗಡಿಬಿಡಿ, ಪಿಸುಮಾತು, ಕೂಸಿನ ಅಳು, ಅತ್ತೆಯ ಬೈಗುಳ. ಬಹಳ ಹೊತ್ತಾದ ಮೇಲೆ ಪರದೆಯ ಮೇಲೆ ಒಂದು ಬೂಟು ಮೂಡುತ್ತದೆ, ದಾರ ಇನ್ನೂ ಬಿಗಿಯದೇ ಇರುವ ಬೂಟು.

“ಬಿಗಿ,” ಎನ್ನುತ್ತೇನೆ. “ನಾ ಫೋನ್ ಇಡಾಂಗಿಲ್ಲ. ಬಿಗಿಯೂ ತನಕ ನೋಡ್ಕೋತ ಕುಂದರ್ತೀನಿ.”