ತಮ್ಮನ ಚಿತ್ರಕ್ಕೆ ನಿವಾಳಿಸಿದ ಉಪ್ಪು

ಸೊಲ್ಲಾಪುರ ಬಿಟ್ಟ ರೈಲಿನಲ್ಲಿ, ಎದುರು ಕೂತ ಕೆನಡಾದ ಇಂಜಿನಿಯರ್ ತನ್ನೂರಿನ ಪತ್ರಿಕೆ ತೋರಿಸಿದ. ಅಲ್ಲಿ ಫುಟ್‌ಬಾಲ್ ಹಂಗಾಮು ಇನ್ನೂ ಅರ್ಧಕ್ಕಷ್ಟೇ ಬಂದಿದೆಯಂತೆ. ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ ಯಾರಿಗೆ ಸಿಗಬಹುದೆಂದು ಹಾಕಿದ ಚಿತ್ರಗಳಲ್ಲಿ ಅವನ ತಮ್ಮನೂ ಇದ್ದ. ಪಕ್ಕದಲ್ಲಿದ್ದ ಕುರನೂರಿನ ಕುರಿ ಸಾಕುವ ಮುದುಕಿಗೆ ಇದನ್ನು ಕನ್ನಡದಲ್ಲಿ ಹೇಳಿದೆ.

"ಆಟ ಮುಗಿಯೂಕಿಂತ ಮೊದ್ಲ ಹೊಗಳ್ಯಾರೇನ್ರಿ? ಮರಿ ಬಲಿಯೂತನಕ ನಾವು ಚಂದ ಐತಿ ಅನ್ನಂಗಿಲ್ಲ. ನೆದರಾಗತೈತಿ."

ದೃಷ್ಟಿ ತೆಗೆಯಲೆಂದು ಬುತ್ತಿಯಿಂದ ಉಪ್ಪು ಹಿಡಿದು ಚಿತ್ರಕ್ಕೆ ನಿವಾಳಿಸತೊಡಗಿದಳು. ನಾನು ನಕ್ಕೆ. ಅವನು ನಗಲಿಲ್ಲ. ಟೋಪಿ ತೆಗೆದಿಟ್ಟು, ಪತ್ರಿಕೆಯನ್ನು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ.

"ನೋಡಿದವರ ಕಣ್ಣು, ಹೊಗಳಿದವರ ಕಣ್ಣು ಹೋಗ್ಲಿ," ಎನ್ನುತ್ತಿದ್ದ ಮುದುಕಿ ನನ್ನತ್ತ ತಿರುಗಿ ಸೇರಿಸಿದಳು: "ನಕ್ಕವರ ಕಣ್ಣೂ ಹೋಗ್ಲಿ."

ಏನೆಂದಳೆಂದು ಅವನು ಕೇಳಿದ. ಕೊನೆಯದೊಂದನ್ನು ಬಿಟ್ಟು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ.

"ನಿಮ್ಮನ್ನು ನೋಡಿ ಇನ್ನೂ ಏನೋ ಅಂದಳಲ್ಲ?" ಎಂದ.