ಭುಜ ಸೆಟೆದ ಸುಬೇದಾರರು

ಕೀನ್ಯಾದ ಎಂಬಕಸಿ ಬಡಾವಣೆಯ ಔಷಧ ಕಾರ್ಖಾನೆಗೆ ಕಾವಲು ಮೇಲ್ವಿಚಾರಕರಾಗಿ ಬಂದಿರುವ ನಿವೃತ್ತ ಸುಬೇದಾರ್ ಲಕ್ಷ್ಮೀಶರ ಭುಜ ದೋಸೆ ತಿನ್ನುವಾಗಲೂ ಸೆಟೆದೇ ಇರುತ್ತದೆ. ಅಲ್ಲಿನ ಬಾಡಿಗೆ ವ್ಯಾನು ಮಟಾಟು ತಡವಾಗಿ ಬಂದರೆ ಕಂಡಕ್ಟರನಿಗೆ ಶಿಸ್ತಿನ ಪಾಠ ಮಾಡಿ, ಇಳಿಯುವಾಗ "ಅಸಾಂಟೆ" ಎಂದು ಅಲ್ಲಿನ ಭಾಷೆಯಲ್ಲೇ ಧನ್ಯವಾದ ಹೇಳಿ ಸೆಲ್ಯೂಟ್ ಹೊಡೆಯುತ್ತಾರೆ. ಕನ್ನಡದವರ ಹಬ್ಬದೂಟದಲ್ಲಿ ಪಂಕ್ತಿ ಸೊಟ್ಟಗಿದ್ದರೆ ಪಾಯಸ ಬಡಿಸಲು ಬಿಡುವುದಿಲ್ಲ. ಅಲ್ಲಿ ಯಾರಾದರೂ "ಸಾರ್, ಮದುವೆ ಯಾಕಾಗ್ಲಿಲ್ಲ?" ಎಂದರೆ, "ಸರ್ವೀಸಲ್ಲಿ ಪುರುಸೊತ್ತೆಲ್ಲಿತ್ತು ರೀ!" ಎಂಬ ಉತ್ತರ ಸಿದ್ಧವಾಗಿರುತ್ತದೆ. ಪಕ್ಕದಲ್ಲಿ ಕೂತ ಸುಜಯ್ ಎಲ್ಲರ ಕಣ್ಣಿಗೆ ಅವರ ರೂಮ್‌ಮೇಟ್ ಅಷ್ಟೇ. ತಾವು ಪ್ರೀತಿಸುವುದು ಗಂಡಸರನ್ನು ಎಂಬುದು ಪಲ್ಟನ್ನಿಗೆ ಗೊತ್ತಾಗದಿರಲೆಂದು ಹರೆಯದಲ್ಲೇ ಸೆಟೆಸಿಕೊಂಡ ಭುಜವದು. ಮನೆಗೆ ಬಂದು ಚಿಲಕ ಹಾಕಿದ ಮೇಲೆ ಸುಜಯ್ ನಗುತ್ತ, "ವಿಶ್ರಾಮ್, ಸುಬೇದಾರ್ ಸಾಬ್" ಎನ್ನುತ್ತಾನೆ. ಪರೇಡಿನಲ್ಲಿ ಸಾವಿರ ಸಲ ಕೇಳಿದ ಆಜ್ಞೆಯೇ ಅದು. ಆದರೆ ಭುಜ ಇಳಿಯುವುದು ಇಲ್ಲಿ ಮಾತ್ರ.